ಶಾಬಾಸ್ ಅಂದಿದ್ದ ತಪ್ಪಾತು

ಇಳಕಲ್ಲಿನ ಸಾಲಿಯೊಳಗ ನಾ ಟೀಚರ್. ಒಳ್ಳೇದು ಮಾಡಿದವರಿಗೆ ಶಾಬಾಸ್ ಅನ್ರಿ, ಬಾಯಿ ಸಿಹಿ ಮಾಡ್ರಿ, ಮತ್ತ ಮತ್ತ ಮಾಡ್ತಾರ ಅಂತ ತರಬೇತಿಯೊಳಗ ಹೇಳಿ ಕಳಸ್ತಾರ. ನಾನೂ ನಂಬಿ ಮಾಡ್ತೇನಿ. ಪ್ರತಿ ಸಲ ಉಲ್ಟಾ ಹೊಡೀತೈತಿ. ಹೇಳಿದವರು ಮಾತ್ರ ಹೊಳ್ಳಿ ಈ ಕಡೆ ಬಂದಿಲ್ಲ!

ಖರೆ ಹೇಳಿದ್ದಕ್ಕ

ಮೂರನೇ ಕ್ಲಾಸಿನ ಹುಡುಗಿ ಹೂವಿನ ಕುಂಡ ಒಡದು, ಅಳಕೋತ ಬಂದು, "ನಾನ ಒಡದೇನ್ರಿ ಟೀಚರ್" ಅಂದಳು. ಖರೆ ಹೇಳಿದ್ದಕ್ಕ ಎಲ್ಲಾರ ಮುಂದ ಹೊಗಳಿ, ಅಮೀನಗಡದ ಕರದಂಟಿನ ತುಂಡು ಕೊಟ್ಟೆ. ಮರುದಿನ ನನ್ನ ಟೇಬಲ್ ಮುಂದ ಹುಡುಗರ ಪಾಳಿ!

"ನಾ ಗ್ವಾಡಿ ಮ್ಯಾಲೆ ಗೀಚೇನ್ರಿ."

"ನಾ ನಳ ಬಿಟ್ಟು ಬಂದೇನ್ರಿ."

ಎಲ್ಲಾರ ಮಾರಿ ಮ್ಯಾಲೂ ನಗಿ, ಎಲ್ಲಾರ ಕೈಯೂ ಮುಂದ. ನನ್ನ ಪಿತ್ತ ನೆತ್ತಿಗೇರಿತು. ಕಡೀಕ ನಿಂತಾಂವನ್ನ, "ನೀ ಏನ್ ಮಾಡೀಯಪಾ?" ಅಂತ ಕೇಳಿದೆ.

"ಇನ್ನೂ ಏನೂ ಮಾಡಿಲ್ರಿ. ನೀವು ಮೊದಲ ಕೊಟ್ಟರ, ಊಟದ ಬಿಡುವಿನ್ಯಾಗ ಮಾಡ್ತೇನ್ರಿ."

ಚಹಾ

ನಮ್ಮ ಮನಿಯವರು ಒಲಿ ಕಡೆ ಹೊಳ್ಳಿ ಸೈತ ನೋಡದವರು. ಒಂದು ರವಿವಾರ ತಾವಾಗೇ ಚಹಾ ಮಾಡಿದರು. ಅವತ್ತ ನಮ್ಮಕ್ಕ ಬಂದಿದ್ಲು. ಆಕಿ ಮುಂದ ಬಾಯಿತುಂಬ ಹೊಗಳಿದೆ. ಇನ್ನ ದಿನಾ ಮಾಡ್ತಾರ ಅಂತ ನನ್ನ ಆಸೆ. ಮುಂದಿನ ವಾರ ನನಗ ಜ್ವರ. ಹಾಸಿಗಿಂದನ, "ಒಂದು ಕಪ್ ಚಹಾ ಮಾಡ್ರಿ" ಅಂದೆ.

ಅವರು ಬಾಗಲಾ ಕಡೆ ನೋಡಿ, "ಯಾರು ಬರಾಕತ್ತಾರ?" ಅಂದರು.

"ಯಾರೂ ಇಲ್ಲ. ನನಗ!"

"ನಿನ್ನೊಬ್ಬಾಕಿಗೇನು? ನಿಮ್ಮಕ್ಕನ್ನ ಕರಸು, ಮಾಡ್ತೇನಿ."

ಮಂಗ್ಯಾ

ಬಾದಾಮಿ ಗುಹೆ ನೋಡಾಕ ಹೋದಾಗ ಒಂದು ಮಂಗ್ಯಾ ನನ್ನ ಮೂಗಿನ ಮ್ಯಾಲಿನ ಚಾಳೀಸು ಕಸಗೊಂಡು ಕಲ್ಲಿನ ಮ್ಯಾಲೆ ಕುಂತಿತು. "ಬಿಸ್ಕೀಟ್ ಒಗೀರಿ ಮೇಡಂ, ಬಿಡತೈತಿ" ಅಂದ ಗೈಡ್.

"ಕಳುವಿಗೆ ಬಹುಮಾನ ಏನ್ರಿ? ಹಿಂಗ ಕೊಟ್ಟು ಕೊಟ್ಟ ನೀವ ಕೆಡಿಸೀರಿ!" ಅಂತ ಸೊಂಟದ ಮ್ಯಾಲೆ ಕೈ ಇಟ್ಟು ನಿಂತೆ. ಬಿಸಿಲಾಗ ಬೆಂದರೂ ಹಠ ಬಿಡಲಿಲ್ಲ. ಕಡೀಕ ಮಂಗ್ಯಾಗ ಬ್ಯಾಸರಾಗಿ, ಚಾಳೀಸು ನನ್ನ ಕಾಲ ಹಂತ್ಯಾಕ ಒಗೀತು. ನನ್ನ ಹಿಗ್ಗು ಏನ್ ಕೇಳ್ತೀರಿ!

"ನೋಡಿದ್ರಿ? ವಾಪಸ್ ಕೊಟ್ಟಿದ್ದಕ್ಕ ಈಗ ಕೊಡಬೇಕು. ಇದಕ್ಕ ಕಲಿಸೂದು ಅಂತಾರ" ಅಂದು ಬಿಸ್ಕೀಟ್ ಕೊಟ್ಟೆ. ತಿಂತು. ನಾ ಚಾಳೀಸು ಹಾಕ್ಕೊಂಡು ಎರಡು ಹೆಜ್ಜಿ ಇಟ್ಟಿಲ್ಲ, ಹಾರಿ ಮತ್ತ ಕಸಗೊಂತು! ಈ ಸಲ ಓಡಲಿಲ್ಲ. ಒಂದು ಕೈಲೆ ಚಾಳೀಸು ನನ್ನ ಕಡೆ ಚಾಚಿ, ಇನ್ನೊಂದು ಕೈ ಬಿಸ್ಕೀಟಿಗೆ ಒಡ್ಡಿತು.

"ಕೊಡೂದು ಕಲಿಸೇನಿ, ಮತ್ಯಾಕ ಕಸಗೊಂತದು?" ಅಂತ ಚೀರಿದೆ.

"ವಾಪಸ್ ಕೊಡಬೇಕಂದ್ರ," ಅಂದ ಗೈಡ್, "ಮೊದಲ ಕಸಗೋಬೇಕಲ್ರಿ ಮೇಡಂ."