ಮೂರು ಮಾನಿಟರಿನ ಸಾರಥಿ

ಈ ಸಲ ಡ್ರೈವಿಂಗ್ ಟೆಸ್ಟ್ ಪಾಸು ಮಾಡಿಯೇ ತೀರುತ್ತೇನೆಂದು ಭೀಷ್ಮ ಪ್ರತಿಜ್ಞೆ ಮಾಡಿದೆ! ಮಾದಿಹಳ್ಳಿಯ ಮಾವನವರ ಹೊಸ ಮನೆಯ ಗೃಹಪ್ರವೇಶಕ್ಕೆ ನಾನೇ ಕಾರು ಓಡಿಸಿಕೊಂಡು ಬರುತ್ತೇನೆಂದು ಷಡ್ಡಕ ನಂಜುಂಡಯ್ಯನಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ. ಅವನು ಹೆಹ್ಹೆಹ್ಹೆ ಎಂದು ನಕ್ಕಿದ್ದ. ಎರಡು ಸಲ ಫೇಲಾಗಿದ್ದೆ, ನಿಜ. ಅದರಲ್ಲಿ ನನ್ನ ತಪ್ಪೇನಿತ್ತು? ಕಾರು ನನ್ನ ಮಾತು ಕೇಳಲಿಲ್ಲ, ಅಷ್ಟೆ.

ಡ್ರೈವಿಂಗ್ ಸ್ಕೂಲಿನ ಉಗ್ರಪ್ಪ ಮಾತ್ರ ಕೈಮುಗಿದುಬಿಟ್ಟ. "ಸಾರ್, ನೀವು ಎತ್ತಿನ ಗಾಡಿ ಹೊಡೀರಿ. ಎತ್ತಿಗಾದ್ರೂ ಬುದ್ಧಿ ಐತೆ."

ಅಯೋಗ್ಯ! ಇಂಥವರಿಗೆಲ್ಲ ನಾನು ಸೊಪ್ಪು ಹಾಕುವವನಲ್ಲ. ಮನೆಯಲ್ಲೇ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಗೇಮ್ ಆಡಿ ಕಲಿಯುವುದೆಂದು ತೀರ್ಮಾನಿಸಿದೆ. ಅದೂ ಒಂದಲ್ಲ, ಮೂರು ಮಾನಿಟರ್! ನಡುವೆ ರಸ್ತೆ, ಎಡಕ್ಕೆ ಎಡಗನ್ನಡಿ, ಬಲಕ್ಕೆ ಬಲಗನ್ನಡಿ. ಅರಸೀಕೆರೆಯಲ್ಲಿ ಇಂಥ ತಲೆ ಇನ್ನೊಂದಿದ್ದರೆ ತೋರಿಸಿ!

ನನ್ನ ಹೆಂಡತಿ ಮಾಲಿನಿ ಬಾಣಾವರದ ಶಾಲೆಗೆ ದಿನವೂ ಕಾರಿನಲ್ಲಿ ಹೋಗಿಬರುವ ಟೀಚರು. ಮೊದಲ ಸಲಕ್ಕೇ ಲೈಸೆನ್ಸ್ ಹೊಡೆದುಕೊಂಡ ಪುಣ್ಯಾತ್ಗಿತ್ತಿ.

"ಬಾಗಿಲಲ್ಲೇ ನಿಜವಾದ ಕಾರು ನಿಂತಿದೆಯಲ್ಲ ರೀ?" ಎಂದಳು.

"ನಿಂಗೆ ಟೆಕ್ನಾಲಜಿ ಅರ್ಥ ಆಗಲ್ಲ ಕಣೇ!"

"ರಿವರ್ಸ್ ಅರ್ಥ ಆಗುತ್ತೆ. ಅಷ್ಟು ಸಾಕು ನಂಗೆ."

ಕಂಪ್ಯೂಟರ್ ಅಂಗಡಿಯ ಲಕ್ಷ್ಮೀಶ ಎರಡು ಗ್ರಾಫಿಕ್ಸ್ ಕಾರ್ಡ್ ತಂದು ಮೇಜಿನ ಮೇಲಿಟ್ಟ. ಪರದೆಗೆ ಚಿತ್ರ ಬಿಡಿಸಿ ಕಳಿಸುವುದು ಇವೇ ಅಂತೆ. ಒಂದು ಹೊಸದು, ತೆಳ್ಳಗಿತ್ತು. ಇನ್ನೊಂದು ಯಾರೋ ಬಳಸಿ ಬಿಟ್ಟದ್ದು. ಮೂರು ಫ್ಯಾನು, ಮೈತುಂಬ ಕಬ್ಬಿಣ!

"ಈ ಹಳೇದು ಬೇಡ ಸಾರ್. ಇದ್ರಲ್ಲಿ ಎರಡೇ ಜಿಬಿ ಮೆಮೊರಿ. ಮೂರು ಮಾನಿಟರಲ್ಲಿ ಗೇಮ್ ಆಡೋಕೆ ಎಂಟಾದ್ರೂ ಬೇಕು."

"ಮೆಮೊರಿ ಯಾಕಪ್ಪಾ? ಅದ್ರಲ್ಲಿ ನಾನೇನು ಮದುವೆ ವಿಡಿಯೋ ತುಂಬಿಡ್ತೀನಾ?"

"ಅದಲ್ಲ ಸಾರ್ ಈ ಮೆಮೊರಿ..."

ಮೊನ್ನೆ ಮೊನ್ನೆ ಮೀಸೆ ಬಂದವನು ನನಗೆ ವ್ಯಾಪಾರ ಹೇಳಿಕೊಡುತ್ತಾನೆ! ಇಪ್ಪತ್ತೆರಡು ವರ್ಷ ಕೊಬ್ಬರಿ ಮಂಡಿಯಲ್ಲಿ ಸವೆದವನು ನಾನು. ಕೊಬ್ಬರಿಯನ್ನು ಅಂಗೈ ಮೇಲಿಟ್ಟರೆ ಸಾಕು, ಒಡೆಯದೆಯೇ ಒಳಗಿನ ಗುಣ ಹೇಳಬಲ್ಲೆ. ಎರಡು ಕಾರ್ಡನ್ನೂ ಎರಡು ಕೈಯಲ್ಲಿ ತೂಗಿದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಲಕ್ಷ್ಮೀಶ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ತೆಳ್ಳನೆಯದು ಜೊಳ್ಳು! ಹಳೆಯದು ಕಲ್ಲಿನಂತಿತ್ತು. ಅದನ್ನೇ ಕಟ್ಟಿಸಿಕೊಂಡು, ವಿಜಯೋತ್ಸಾಹದಿಂದ ಆಟೋ ಹತ್ತಿದೆ.

ಮೂರು ಮಾನಿಟರ್ ಬೆಳಗಿದವು. ಗೇಮಿನ ಸ್ಟಿಯರಿಂಗ್ ಹಿಡಿದು ಕೂತೆ. ಎರಡು ನಿಮಿಷ ಸ್ವರ್ಗ! ಆಮೇಲೆ ಬಲಗಡೆಯ ಚಿತ್ರ ನಿಂತುಹೋಯಿತು. ಕನ್ನಡಿಯಲ್ಲಿ ಒಂದು ಲಾರಿ ಬಂದರೆ ಅಲ್ಲೇ ಠಿಕಾಣಿ. ಗೇಮಿನೊಳಗಿನ ಲಾರಿ ಎಂದೋ ಮುಂದೆ ಹೋಗಿರುತ್ತಿತ್ತು, ಚಿತ್ರ ಮಾತ್ರ ಕದಲುತ್ತಿರಲಿಲ್ಲ.

ಆದರೆ ಲಕ್ಷ್ಮೀಶನ ಮುಂದೆ ತಪ್ಪೊಪ್ಪಿಕೊಳ್ಳುವುದೇ? ಸಾಧ್ಯವಿಲ್ಲ! ನಾನೇ ಉಪಾಯ ಕಂಡುಹಿಡಿದೆ. ಚಿತ್ರ ನಿಂತರೆ ಬ್ರೇಕ್ ಒತ್ತುವುದು, ಕಂಪ್ಯೂಟರಿನ ತಲೆಗೆ ಎರಡು ಬಿಗಿಯುವುದು, ಹತ್ತು ಎಣಿಸುವುದು. ಆಗಲೂ ಕದಲದಿದ್ದರೆ ಅದು ಹಳೇ ಚಿತ್ರ, ಧೈರ್ಯವಾಗಿ ಹಿಂದಕ್ಕೆ ಹೋಗಬಹುದು. ಒಂದು ತಿಂಗಳು ಹೀಗೇ ಸಾಧನೆ ಮಾಡಿದೆ.

"ಇದು ಕಾರು ಕಲಿಯೋದೋ, ಕಂಪ್ಯೂಟರ್‌ಗೆ ಬುದ್ಧಿ ಕಲಿಸೋದೋ?" ಎಂದಳು ಮಾಲಿನಿ. ನಾನು ಅದರ ತಲೆಗೆ ಇನ್ನೆರಡು ಬಿಗಿದೆ.

ಟೆಸ್ಟಿನ ದಿನ ಬಂತು. ಮಾಲಿನಿಯದೇ ಕಾರು, ಅವಳೂ ಜೊತೆಗೆ ಬಂದಿದ್ದಳು. ಇನ್ಸ್‌ಪೆಕ್ಟರ್ ಹೊರಗೆ ನಿಂತು, "ರಿವರ್ಸ್ ತಗೊಳ್ರೀ" ಎಂದರು. ಗತ್ತಿನಿಂದ ಬಲಗನ್ನಡಿ ನೋಡಿದೆ. ಅದರಲ್ಲಿ ಒಂದು ಎಮ್ಮೆ. ಅಲುಗಾಟವಿಲ್ಲ, ಕಿವಿಯೂ ಕದಲುತ್ತಿಲ್ಲ. ಆಹಾ, ಹ್ಯಾಂಗ್ ಆಗಿದೆ! ಬ್ರೇಕ್ ಒತ್ತಿದೆ. ಡ್ಯಾಶ್‌ಬೋರ್ಡಿಗೆ ಪಟಪಟನೆ ಎರಡು ಬಿಗಿದೆ.

"ಏನ್ರೀ ಅದು?"

"ಒಂದ್ನಿಮಿಷ ಸಾರ್, ಈಗ ಬರುತ್ತೆ" ಎಂದು ಗಟ್ಟಿಯಾಗಿ ಹತ್ತು ಎಣಿಸಿದೆ. ಎಮ್ಮೆ ಇದ್ದಲ್ಲೇ ಇತ್ತು. ಸಂಶಯವೇ ಇಲ್ಲ, ಹಳೇ ಚಿತ್ರ! ಹಿಂದಕ್ಕೆ ಬಿಟ್ಟೆ.

ಧಡ್!

ಎಮ್ಮೆ ನಿಧಾನವಾಗಿ ತಿರುಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೆಲುಕು ಹಾಕುತ್ತ ನಡೆದುಹೋಯಿತು. ಅಷ್ಟು ತಿರಸ್ಕಾರವನ್ನು ನಾನು ಉಗ್ರಪ್ಪನ ಕಣ್ಣಲ್ಲೂ ಕಂಡಿರಲಿಲ್ಲ. ಮಾಲಿನಿ ಓಡಿಬಂದು ಮೊದಲು ಎಮ್ಮೆಯನ್ನು ನೋಡಿದಳು, ಆಮೇಲೆ ನೆಗ್ಗಿದ ಬಂಪರನ್ನು ನೋಡಿದಳು. ನನ್ನ ಕಡೆ ನೋಡಲೇ ಇಲ್ಲ.

"ಎಮ್ಮೆ ಕಾಣ್ಲಿಲ್ವೇನ್ರೀ?" ಇನ್ಸ್‌ಪೆಕ್ಟರ್ ಕಿರುಚಿದರು.

"ಕಾಣ್ತು ಸಾರ್. ಹಳೇದು ಅಂದ್ಕೊಂಡೆ."

ಅವರು ಮಾಲಿನಿಯತ್ತ ತಿರುಗಿ ಮೆತ್ತಗೆ ಹೇಳಿದರು: "ಮೇಡಂ, ಕಣ್ಣಿನ ಡಾಕ್ಟರ್‌ಗಲ್ಲ, ಬೇರೆ ಡಾಕ್ಟರ್‌ಗೆ ತೋರ್ಸಿ."

ಗೃಹಪ್ರವೇಶದ ದಿನ ಮಾದಿಹಳ್ಳಿಯ ಮನೆಯ ಮುಂದೆ ಕಾರು ನಿಂತಿತು. ಎಡಗಡೆಯ ಸೀಟಿನಿಂದ, ತೊಡೆಯ ಮೇಲಿನ ಹಣ್ಣಿನ ಬುಟ್ಟಿ ಸಮೇತ ನಾನು ಇಳಿದೆ. ಬಾಗಿಲಲ್ಲೇ ಕಾದಿದ್ದ ನಂಜುಂಡಯ್ಯ, ನೆಂಟರಿಗೆಲ್ಲ ಕೇಳುವಂತೆ ಕೂಗಿದ:

"ಏನಯ್ಯಾ ಇಂದುಧರ, ನಾನೇ ಓಡಿಸ್ಕೊಂಡು ಬತ್ತೀನಿ ಅಂದಿದ್ದೆ?"

ನಾನು ಬಾಯಿ ತೆರೆಯುವ ಮೊದಲೇ ಮಾಲಿನಿ ಕಾರಿನ ಬೀಗ ಹಾಕುತ್ತ ಹೇಳಿದಳು:

"ಭಾವ, ಇವರೇ ಓಡಿಸ್ಕೊಂಡು ಬಂದಿದ್ದು. ಚಿತ್ರ ಇನ್ನೂ ಬಂದಿಲ್ಲ, ಹತ್ತು ಎಣಿಸಿ."