ಸ್ಟೀರಿಂಗಿನ ಮೇಲಿನ ತುಪ್ಪ

ಬಾಡಿಗೆ ಕಾರಿನ ಕೌಂಟರಿನಲ್ಲಿ ನನ್ನಷ್ಟು ಗಟ್ಟಿಯಾಗಿ "ಬೇಡ" ಎನ್ನಬಲ್ಲ ಗಂಡಸು ಇಡೀ ಬೇ ಏರಿಯಾದಲ್ಲಿ ಇನ್ನೊಬ್ಬನಿಲ್ಲ! ಅವರ ಹೆಚ್ಚುವರಿ ಇನ್ಶೂರೆನ್ಸು ಬೇಡ, ಟೈರಿನ ರಕ್ಷಣೆ ಬೇಡ, ಗಾಜಿನ ರಕ್ಷಣೆಯೂ ಬೇಡ. "ಹತ್ತೊಂಬತ್ತು ವರ್ಷದಿಂದ ಫ್ರೀವೇಯಲ್ಲಿ ಓಡಿಸುತ್ತಿದ್ದೇನೆ, ಒಂದು ಗೀರೂ ಆಗಿಲ್ಲ. ನನ್ನ ಸ್ವಂತ ಪಾಲಿಸಿಯೇ ಸಾಕು" ಎಂದು ಪುಟ್ಟ ಭಾಷಣ ಮಾಡಿ ಸಹಿ ಹಾಕಿದೆ. ನನ್ನ ಹೆಂಡತಿ ನಿರುಪಮಾ ಮೈಸೂರಿನವಳು. ಮೆತ್ತಗೆ ಚುಚ್ಚುವುದು ಅವಳಿಗೆ ಹುಟ್ಟಿನಿಂದ ಬಂದ ಕಲೆ.

"ಭಾಷಣ ಚೆನ್ನಾಗಿತ್ತು ರೀ. ಈಗ ಬ್ರೇಕು ಎಲ್ಲಿದೆ ನೋಡ್ಕೊಳ್ಳಿ" ಎಂದಳು.

ನಮ್ಮ ಕಾರು ರಿಪೇರಿಗೆ ಹೋಗಿತ್ತು. ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಅವ್ವ ಬಂಗಾರೆವ್ವನಿಗೆ ಊರು ತೋರಿಸಬೇಕಿತ್ತು. ಅದಕ್ಕೇ ಈ ಬಾಡಿಗೆ ಗಾಡಿ. ಹೇವರ್ಡಿನಲ್ಲಿ ನಿರುಪಮಾ ಗ್ರೋಸರಿಗೆಂದು ಇಳಿದಳು. ಹಿಂದಿನ ಸೀಟಿನಲ್ಲಿ ಅವ್ವನನ್ನು ಕೂರಿಸಿಕೊಂಡು, ಗಾಡಿಯನ್ನು ನೆರಳಿಗೆ ನಿಲ್ಲಿಸೋಣವೆಂದು ಪಾರ್ಕಿಂಗ್ ಲಾಟಿನಲ್ಲಿ ತಿರುಗಿಸಿದೆ. ಢಮಾರ್! ಒಂದು ಡೆಲಿವರಿ ವ್ಯಾನಿನ ಬಾಗಿಲಿಗೆ ನಮ್ಮ ಗಾಡಿಯ ಮೂತಿ ಮುತ್ತಿಟ್ಟಿತ್ತು.

ಯಾರಿಗೂ ಪೆಟ್ಟಾಗಲಿಲ್ಲ. ವ್ಯಾನಿನಿಂದ ನರೆತ ಮೀಸೆಯ ಚಾಲಕ ಇಳಿದ, ಹೆಸರು ರಮೋನ್. ಜಗಳ ಆಡಲಿಲ್ಲ, ನೆಗ್ಗಿದ ಬಾಗಿಲನ್ನು ಸವರಿ, ಕಟ್ಟೆಯ ಮೇಲೆ ಕೂತುಬಿಟ್ಟ. "ನನ್ನ ಹೆಸರಿಗೆ ಇನ್ನೊಂದು ಆಕ್ಸಿಡೆಂಟು ಬಂದರೆ ಕಂಪನಿ ನನ್ನನ್ನು ತೆಗೆದುಹಾಕುತ್ತದೆ" ಎಂದ. ಅವ್ವನಿಗೆ ಭಾಷೆ ತಿಳಿಯಲಿಲ್ಲ, ಮುಖ ತಿಳಿಯಿತು. ಡಬ್ಬಿಯಿಂದ ಒಂದು ಶೇಂಗಾ ಹೋಳಿಗೆ ತೆಗೆದು ಅವನ ಕೈಗಿಟ್ಟಳು.

ಸ್ಯಾನ್ ಹೊಸೆಯ ಮನೆಗೆ ಬಂದವನೇ ನಾನು ಲ್ಯಾಪ್‌ಟಾಪು ಬಿಚ್ಚಿದೆ. ನನ್ನ ಹತ್ತೊಂಬತ್ತು ವರ್ಷದ ಕೀರ್ತಿ ಪ್ರಶ್ನೆ! "ನಾನು ನಿಧಾನವಾಗಿ ತಿರುಗುತ್ತಿದ್ದೆ. ವ್ಯಾನು ವೇಗವಾಗಿ ಬಂದು ಅಡ್ಡ ನುಗ್ಗಿತು" ಎಂದು ಇನ್ಶೂರೆನ್ಸಿನವರಿಗೆ ಬರೆದೆ. ಸಾಕ್ಷಿಯ ಜಾಗದಲ್ಲಿ ಅವ್ವನ ಹೆಸರು ಹಾಕಿ, "ಕನ್ನಡ ಮಾತ್ರ ಬರುತ್ತದೆ, ಮಗನೇ ಅನುವಾದಿಸುತ್ತಾನೆ" ಎಂದು ಸೇರಿಸಿದೆ. ಅವ್ವ ಏನೇ ಹೇಳಲಿ, ಇಂಗ್ಲಿಷು ನನ್ನದಲ್ಲವೇ?

"ರೀ, ಸ್ಟೀರಿಂಗಿಗೆ ಯಾಕೆ ತುಪ್ಪ ಅಂಟಿತ್ತು?" ಎಂದಳು ನಿರುಪಮಾ.

"ಬಾಡಿಗೆ ಕಾರು. ಹಿಂದೆ ತಗೊಂಡೋರದ್ದಿರಬೇಕು."

"ಅವರೂ ಶೇಂಗಾ ಹೋಳಿಗೆ ತಿಂತಿದ್ರಾ?" ನಾನು ಲ್ಯಾಪ್‌ಟಾಪು ಮುಚ್ಚಿದೆ. ಅವಳು ಬಿಡಲಿಲ್ಲ. "ಆ ಮನುಷ್ಯನ ಕೆಲಸ ಹೋದ್ರೆ?"

"ಇದು ಕಾನೂನು ನಿರುಪಮಾ, ಸೆಂಟಿಮೆಂಟ್ ಅಲ್ಲ!"

"ನಿಮ್ಮ ಕಾನೂನು ತುಪ್ಪದ ವಾಸನೆ ಹೊಡೀತಿದೆ."

ಗುರುವಾರ ಹತ್ತು ಗಂಟೆಗೆ ಇನ್ಶೂರೆನ್ಸಿನ ಅಧಿಕಾರಿಯ ಫೋನು ಬಂತು. ಗಂಟಲು ಸರಿಮಾಡಿಕೊಂಡು ಅನುವಾದಕ್ಕೆ ಸಿದ್ಧನಾದೆ. ಆತ ವಿನಯದಿಂದ, "ಮನೆಯವರು ಅನುವಾದ ಮಾಡುವಂತಿಲ್ಲ. ನಮ್ಮದೇ ಅನುವಾದಕಿ ಲೈನಿನಲ್ಲಿದ್ದಾರೆ. ಎಲ್ಲವೂ ರೆಕಾರ್ಡ್ ಆಗುತ್ತದೆ" ಎಂದ. ಸ್ಪೀಕರಿಗೆ ಹಾಕಿ ಫೋನನ್ನು ಅವ್ವನ ಮುಂದಿಟ್ಟೆ.

"ನಮಸ್ಕಾರ್ರೀ ಅಮ್ಮಾ, ನಾ ಹರ್ಷಿತಾ ಅಂತ."

ಅವ್ವನ ಮುಖ ಅರಳಿತು. "ಯಾವೂರವ್ವಾ ನಿಂದು? ಉಂಡಿಯೇನು?"

ಹರ್ಷಿತಾ ನಿಯಮದ ಪ್ರಕಾರ ಅದನ್ನೂ ಇಂಗ್ಲಿಷಿಗೆ ತಂದಳು: "ಅನುವಾದಕಿಯ ಊಟವಾಯಿತೇ ಎಂದು ಸಾಕ್ಷಿ ಕೇಳುತ್ತಿದ್ದಾರೆ." ಅಧಿಕಾರಿ ಗಂಭೀರವಾಗಿ ಬರೆದುಕೊಂಡ ಸದ್ದು ಕೇಳಿಸಿತು. ಆಮೇಲೆ ಅಂದು ಏನು ನಡೆಯಿತೆಂದು ಕೇಳಿದ. ನಾನು ಅವ್ವನಿಗೆ ಕಣ್ಣಲ್ಲೇ ನೂರು ಸನ್ನೆ ಮಾಡಿದೆ.

"ನನ್ನ ಮಗಂದ ತಪ್ಪಿಲ್ಲವ್ವಾ" ಎಂದಳು ಅವ್ವ. ಆಹಾ, ಹೆತ್ತ ಕರುಳು! "ಆ ವ್ಯಾನಿನ ಅಪ್ಪಂದೂ ತಪ್ಪಿಲ್ಲ. ಪಾಪ, ಅಂವ ಸಾವಕಾಶ ಬರಾಕತ್ತಿದ್ದ. ತಪ್ಪು ನಂದು. ಮುಂಜಾನಿಂದ ನನ್ನ ಮಗ ಗುರು ಏನೂ ತಿಂದಿದ್ದಿಲ್ಲ. ತುಪ್ಪ ಹಚ್ಚಿದ ಹೋಳಿಗಿ ಮುರದು ಹಿಂದಿಂದ ಬಾಯಾಗ ಇಡಾಕ ಹ್ವಾದೆ. ಅಂವ ನನ್ನ ಕಡೆ ಹೊಳ್ಳಿ ಬಾಯಿ ತೆರದ, ಗಾಡಿ ಬಡದು ಹೋಳಿಗಿ ಸ್ಟೀರಿಂಗಿನ ಮ್ಯಾಲ ಬಿತ್ತು. ಶಿಕ್ಷಾ ಏನರ ಇದ್ರ ನನಗ ಬರಕೋರಿ. ನನ್ನ ಪಾಸ್‌ಪೋರ್ಟೂ ಇಲ್ಲೇ ಐತಿ."

ಆಗಲೇ ನೋಡಿದ್ದು, ಅವಳ ಮಡಿಲಲ್ಲಿ ಪಾಸ್‌ಪೋರ್ಟು ಇತ್ತು. ಸಾಕ್ಷಿ ಎಂದರೆ ಯಾರನ್ನಾದರೂ ಒಳಗೆ ಹಾಕುತ್ತಾರೆಂದು ತಿಳಿದು, ಮಗನ ಬದಲು ತಾನೇ ಹೋಗಲು ಬೆಳಿಗ್ಗೆಯಿಂದ ಹಿಡಿದುಕೊಂಡು ಕೂತಿದ್ದಳು. ನನಗೆ ಎಂಥ ನಾಚಿಕೆಯಾಯಿತು! ನಾನು ತಪ್ಪನ್ನು ಒಬ್ಬ ಬಡಪಾಯಿಯ ತಲೆಗೆ ಕಟ್ಟಲು ಹೊರಟಿದ್ದೆ. ಅವಳು ತನ್ನದಲ್ಲದ್ದನ್ನೂ ತನ್ನ ತಲೆಗೆ ಎಳೆದುಕೊಳ್ಳುತ್ತಿದ್ದಳು.

ಫೋನಿನ ಹತ್ತಿರ ಬಗ್ಗಿದೆ. "ಅವ್ವನದಲ್ಲ, ತಪ್ಪು ನನ್ನದು. ಗಾಡಿ ಓಡಿಸುತ್ತಿದ್ದವನು ನಾನು, ರಸ್ತೆ ನೋಡದವನೂ ನಾನೇ. ನಾನು ಬರೆದದ್ದು ಸುಳ್ಳು" ಎಂದೆ. ನಿರುಪಮಾ ಚುಚ್ಚಲಿಲ್ಲ. ಸುಮ್ಮನೆ ನನ್ನ ಮುಂದೆ ನೀರಿನ ಲೋಟ ಇಟ್ಟಳು.

ಎರಡು ವಾರದ ಮೇಲೆ ತೀರ್ಮಾನದ ಪತ್ರ ಬಂತು. ರಮೋನನ ತಪ್ಪು ಏನೂ ಇಲ್ಲ, ಪೂರ್ತಿ ನನ್ನದೇ. ಕಾರಣ: "ಚಾಲಕರಿಗೆ, ವಯಸ್ಸು ನಲವತ್ತೇಳು, ತಾಯಿ ತುತ್ತು ತಿನ್ನಿಸುತ್ತಿದ್ದರು." ನಿರುಪಮಾ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ಭಾನುವಾರ ಹೊರಟಾಗ ಸ್ಟೀರಿಂಗು ಅವಳ ಕೈಯಲ್ಲಿತ್ತು. ನಾನು ಹಿಂದೆ, ಅವ್ವನ ಪಕ್ಕ. ಗಾಡಿ ಮನೆ ಮುಂದಿನಿಂದ ಕದಲುವ ಮೊದಲೇ ಡಬ್ಬಿಯ ಮುಚ್ಚಳ ತೆರೆಯಿತು. ನಾನು ಬಾಯಿ ತೆರೆದೆ. ನಿರುಪಮಾ ಕನ್ನಡಿಯಲ್ಲಿ ನೋಡಿದಳು.

"ಅತ್ತೆ, ಮೊದಲು ಅವರಿಗೆ ಸೀಟ್ ಬೆಲ್ಟು ಹಾಕಿ. ಆಮೇಲೆ ತಿನ್ನಿಸಿ."