ತಳ್ಳುಗಾಡಿಗೆ ಉಪಚಾರ ಗೊತ್ತಿಲ್ಲ

೧೯೮೪ರಲ್ಲಿ, ಎಂಟನೇ ಕ್ಲಾಸಿನ ನಡುವಿನಲ್ಲೇ, ನಾನು ಓದು ನಿಲ್ಲಿಸಿದೆ. ಲೆಕ್ಕದ ಮೇಷ್ಟ್ರಿಗೂ ನನಗೂ ಹೊಂದಾಣಿಕೆ ಆಗಲಿಲ್ಲ ಎಂದಿಟ್ಟುಕೊಳ್ಳಿ. ಮಾರನೆಯ ದಿನದಿಂದಲೇ ಅಕ್ಕಿ ಮೂಟೆ ಹೊತ್ತೆ. ಹೊತ್ತು ಹೊತ್ತು, ಕೊನೆಗೆ ಆ ರೈಸ್ ಮಿಲ್ಲನ್ನೇ ಕೊಂಡೆ. ಹೀಗೆ ಸ್ವಂತ ಹೆಗಲಿನಿಂದ ಮೇಲೆ ಬಂದವರಿಗೆ ಒಂದು ಗುಣ ಇರುತ್ತದೆ. ಗೊತ್ತಿಲ್ಲದ್ದು ಎದುರಾದರೆ ಓದಿದವರು ಕೇಳಿ ತಿಳಿದುಕೊಳ್ಳುತ್ತಾರೆ. ನಾವು ಮೂಗು ಮುರಿಯುತ್ತೇವೆ. ಸಮಯ ಉಳಿಯುತ್ತದೆ. ಟೈ, ಗ್ರೀನ್ ಟೀ, ನಾಯಿಗೆ ತೊಡಿಸುವ ಸ್ವೆಟರ್, ಎಲ್ಲವನ್ನೂ ನಾನು ಹೀಗೆಯೇ ವಿಲೇವಾರಿ ಮಾಡಿದ್ದೇನೆ. ಶಿಕಾರಿಪುರದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆಯಾದದ್ದು ಬೆಂಗಳೂರಿನ ಒಂದು ಚೀನೀ ಹೋಟೆಲಿನಲ್ಲಿ, ಅದೂ ಮಗಳ ಮದುವೆ ಮಾತು ಮುಗಿಸಲು ಕೂತಾಗ.

ಹುಡುಗನ ಕಡೆಯವರು ಮೂಲತಃ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯವರು. ತಂದೆ ರುದ್ರಪ್ಪನವರದು ಬೆಂಗಳೂರಿನಲ್ಲಿ ಕಳೆ ಕೊಚ್ಚುವ, ಅಡಿಕೆ ಸುಲಿಯುವ ಯಂತ್ರಗಳ ಅಂಗಡಿ. ಮಗ ಶಶಿಧರ ಆಗಾಗ ಚೀನಾಕ್ಕೆ ಹೋಗಿ ಮಾಲು ತರುತ್ತಾನೆ. ನಮ್ಮ ವೀಣಾಳಿಗೆ ಹುಡುಗ ಒಪ್ಪಿಗೆ, ಅವರಿಗೂ ಒಪ್ಪಿಗೆ. ನಾನು ‘ಹೂಂ’ ಅನ್ನುವುದೊಂದೇ ಬಾಕಿ. ಅದನ್ನು ಊಟದ ಕೊನೆಗೆ ಅನ್ನೋಣ ಎಂದು ಗತ್ತಿನಿಂದ ಇಟ್ಟುಕೊಂಡಿದ್ದೆ. “ಡಿಮ್ ಸಮ್ ತಿನ್ನಾಕೆ ಹೋಗಣ ಮಾವ, ನಮಗಂತ ಸಸ್ಯಾಹಾರದ್ದು ಬೇರೆನೇ ಮಾಡ್ತಾರೆ” ಅಂದ ಹುಡುಗ. ನಾನಿನ್ನೂ ಹೂಂ ಅಂದಿಲ್ಲ, ಆಗಲೇ ಮಾವ!

ಒಳಗೆ ಕೆಂಪು ಲಾಟೀನುಗಳು. ಆ ಬೆಳಕಿನಲ್ಲಿ ತಟ್ಟೆಯಲ್ಲೇನಿದೆ ಎಂಬುದು ಕಾಣಿಸದು, ಕಾಣಿಸಬಾರದೆಂದೇ ಇರಬೇಕು. ಎಲ್ಲರ ಮುಂದೆ ಎರಡೆರಡು ಕಡ್ಡಿ. ಅಕ್ಕಿ ಮೂಟೆ ಎತ್ತಿದ ಕೈಯಿಂದ ಆ ಕಡ್ಡಿಯಲ್ಲಿ ಒಂದು ಶೇಂಗಾ ಬೀಜ ಎತ್ತಲಾಗಲಿಲ್ಲ. ತಪ್ಪು ಕಡ್ಡಿಯದೇ. ಡಿಮ್ ಸಮ್ ಎಂದರೇನೆಂದು ನಿಮಗೂ ಹೇಳಿಬಿಡುತ್ತೇನೆ, ಬಸ್ ಚಾರ್ಜು ಉಳಿಯಲಿ. ಅದು ಕಡುಬು. ನಮ್ಮ ಮನೆಯಲ್ಲಿ ಹಬೆಯಲ್ಲಿ ಬೇಯಿಸುವ ಅದೇ ಕಡುಬನ್ನು ಹೆಣ್ಣುಮಕ್ಕಳ ಅಡುಗೆ ಆಟಕ್ಕೆ ಮಾಡಿದಂತೆ ಮಾಡಿ, ಅಂಗೈಯಗಲದ ಬಿದಿರಿನ ಬುಟ್ಟಿಯಲ್ಲಿ ಮೂರು ಕೂರಿಸಿ, ಮೇಲೆ ಮುಚ್ಚಳ ಬೇರೆ. ಓಡಿಹೋಗುತ್ತವೇನೋ! ಹಿಟ್ಟಿನ ಹೊದಿಕೆ ಎಷ್ಟು ತೆಳುವೆಂದರೆ ಅಕ್ಕಿ ವ್ಯಾಪಾರಿಯಾದ ನನಗೆ ಅವಮಾನವಾಯಿತು. ಜಗತ್ತೆಲ್ಲ ಹೀಗೆ ತಿಂದರೆ ನಾನು ಮಿಲ್ ಮುಚ್ಚಬೇಕು.

ಬುಟ್ಟಿಗಳು ತಳ್ಳುಗಾಡಿಯಲ್ಲಿ ಬರುತ್ತವೆ. ಗಾಡಿ ತಳ್ಳುವ ಹೆಣ್ಣುಮಗಳು ಮೇಜಿನ ಹತ್ತಿರ ನಿಂತು, “ಬೇಕಾ ಸರ್?” ಎಂದಳು. ನಮ್ಮ ಕಡೆ ಬೀಗತನದ ಊಟಕ್ಕೆ ಒಂದು ಕ್ರಮ ಇದೆ. ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲ ಎಲೆಗೆ ಕೈ ಅಡ್ಡ ಇಡಬೇಕು. ಮೂರನೇ ಸಲ ಬಡಿಸುವವರು ಬೆರಳ ಸಂದಿಯಲ್ಲೇ ಇಳಿಸಬೇಕು. ಕೇಳಿದ ಕೂಡಲೇ ಹಾಕಿಸಿಕೊಳ್ಳುವವನು ಮನೆಯಲ್ಲಿ ಅನ್ನ ಕಾಣದವನು. ಹಾಗಾಗಿ ನಾನು ಗಂಭೀರವಾಗಿ, “ಬೇಡಮ್ಮ” ಎಂದೆ. ಅವಳು “ಓಕೆ ಸರ್” ಎಂದು ಗಾಡಿ ತಳ್ಳಿಕೊಂಡು ಹೋಗಿಯೇಬಿಟ್ಟಳು! ಅಡ್ಡ ಇಡಲೆಂದು ಎತ್ತಿದ ಕೈ ಹಾಗೇ ಉಳಿಯಿತು. ಎರಡನೇ ಗಾಡಿಯೂ ಹಾಗೇ ಹೋಯಿತು, ಮೂರನೆಯದೂ ಹೋಯಿತು. ನನ್ನ ಹೆಂಡತಿ ಗೌರಮ್ಮ ಮಾತ್ರ ಮೊದಲ ಸಲಕ್ಕೇ “ಹ್ಞಾಂ, ಇಡಮ್ಮ” ಎನ್ನುತ್ತ ಮುಂದೆ ಖಾಲಿ ಬುಟ್ಟಿಗಳ ಗೋಪುರ ಕಟ್ಟಿದ್ದಳು. ಇವಳ ಜೊತೆ ಇಷ್ಟು ವರ್ಷ ಮರ್ಯಾದೆಯಿಂದ ಬಾಳಿದ್ದೇನೆಂದುಕೊಂಡಿದ್ದೆ.

ಹೊಟ್ಟೆ ಹಸಿದಾಗ ನನ್ನ ಗತ್ತು ಇನ್ನಷ್ಟು ಹೆಚ್ಚುತ್ತದೆ. ಆದರೂ ಹೆಣ್ಣಿನ ತಂದೆ, ತಗ್ಗಬೇಕಲ್ಲ ಎಂದು ಚಹಾದ ಕೆಟಲನ್ನು ನಾನೇ ಎತ್ತಿ, ರುದ್ರಪ್ಪನವರಿಗೆ ಹಾಕಿ, ಹುಡುಗನ ಬಟ್ಟಲಿಗೂ ಹಾಕಿದೆ. ಹಾಲಿಲ್ಲ, ಸಕ್ಕರೆಯಿಲ್ಲ, ಪಾತ್ರೆ ತೊಳೆದ ಬಿಸಿನೀರಿನ ಬಣ್ಣ. ಬಾಯಿತುಂಬ ಕಡುಬು ತುಂಬಿಕೊಂಡಿದ್ದ ಹುಡುಗ ನನ್ನತ್ತ ನೋಡಿ ಮೇಜಿನ ಮೇಲೆ ಎರಡು ಬೆರಳಿನಿಂದ ಟಕ್ ಟಕ್ ಎಂದು ಕುಟ್ಟಿದ. ನಮ್ಮೂರ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಮೇಜು ಕುಟ್ಟುವುದು ಸಪ್ಲೈಯರನ್ನು ಕರೆಯಲು. ಕುಟ್ಟುವವನೂ ನಾನೇ.

ಎದ್ದು ನಿಂತೆ. “ನಡಿಯೇ ಗೌರಿ, ಹೋಗಣ.”

“ಯಾಕ್ರೀ ಬೀಗ್ರೇ, ಏನಾತು?” ಎಂದರು ರುದ್ರಪ್ಪನವರು.

“ನೀವಿನ್ನೂ ಬೀಗ್ರಾಗಿಲ್ಲ. ನಾನು ಹೆಣ್ಣು ಕೊಡಾಕೆ ಬಂದೀನಿ, ಚಾ ಕೊಡಾಕಲ್ಲ. ಮೇಜು ಕುಟ್ಟಾಕೆ ನಾನೇನು ಸಪ್ಲೈಯರಾ?”

ವೀಣಾಳ ಮುಖ ಬಿಳಿಚಿತು. “ಅಪ್ಪಾಜಿ, ಕೂತ್ಕಳ್ರಿ. ಅದು ಚಾ ಹಾಕ್ದೋರಿಗೆ ಕೈ ಮುಗಿದಂಗೆ. ಬಾಯಿ ತುಂಬಿದ್ರೆ ಚೀನಾದಾಗೆ ಎಲ್ರೂ ಹಂಗೇ ಮಾಡ್ತಾರೆ.”

“ನಿಂಗೆ ಹೆಂಗೆ ಗೊತ್ತು?”

ಅವಳು ಬುಟ್ಟಿ ನೋಡತೊಡಗಿದಳು. ಗೌರಮ್ಮ, “ದಿನಾ ಸಂಜೆ ಫೋನು ಬರ್ತೈತಿ, ಅದರಾಗೆ ಚೀನಾನೂ ಬರ್ತೈತಿ. ನಿಮಗೊಬ್ಬರಿಗೇ ಗೊತ್ತಿಲ್ಲ. ಕೂತ್ಕಳ್ರಿ” ಎಂದಳು.

“ನನಗೂ ಹಿಂಗೇ ಕುಟ್ಟಿದ್ದ ರೀ, ಮನೇಲಿ. ತಲೆಗೊಂದು ಬಿಟ್ಟೆ” ಎಂದರು ರುದ್ರಪ್ಪನವರು.

ನಿಜ ತಿಳಿಯಿತು. ಆದರೆ ಸಿಟ್ಟಿನಿಂದ ಎದ್ದವನು ಸುಮ್ಮನೆ ಕೂರುವುದು ಮೂಟೆ ಎತ್ತುವುದಕ್ಕಿಂತ ಕಷ್ಟ. ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು, ಮಗಳ ಕಣ್ಣು ನನ್ನ ಕಾಲಿನ ಮೇಲಿತ್ತು. ಅಷ್ಟರಲ್ಲಿ ಹುಡುಗ ಕಡುಬು ನುಂಗಿ ಎದ್ದು, ಹೋಗುತ್ತಿದ್ದ ಗಾಡಿಯನ್ನು ನಿಲ್ಲಿಸಿ, ಒಂದು ಬುಟ್ಟಿ ಎತ್ತಿಕೊಂಡ.

“ಎರಡು ಹಾಕ್ತೀನಿ ಮಾವ.”

“ಬೇಡ.”

“ಒಂದಾದ್ರೂ?”

ಇಲ್ಲಿ ಕೈ ಅಡ್ಡ ಇಡಬೇಕು. ನಿಂತಲ್ಲಿಂದ ಕೈ ತಟ್ಟೆಗೆ ಸರಿಯಾಗಿ ಎಟುಕುವುದಿಲ್ಲ. ಕ್ರಮ ಬಿಡಬಾರದೆಂದು ಕೂತು, ಎರಡೂ ಕೈ ಅಡ್ಡ ಇಟ್ಟೆ. ಅವನು ಕಡ್ಡಿ ಬದಿಗಿಟ್ಟು, ಬರಿಗೈಯಲ್ಲಿ ಸುಡುಸುಡುವ ಕಡುಬನ್ನು ನನ್ನ ಬೆರಳ ಸಂದಿಯಲ್ಲೇ ಇಳಿಸಿದ. “ಕುಪ್ಪಗಡ್ಡೇಲಿ ನಮ್ಮಜ್ಜಿ ಹಿಂಗೇ ಬಡಿಸ್ತಿದ್ರು” ಎಂದ. ಬಾಯಿಗಿಟ್ಟೆ. ರುಚಿಯ ವಿಷಯ ಬಿಡಿ, ಹಸಿದಿದ್ದೆ.

“ಏನಂತೀರಿ ಬೀಗ್ರೇ?” ಎಂದರು ರುದ್ರಪ್ಪನವರು. ಇಷ್ಟು ದಿನ ಕಾಪಾಡಿಕೊಂಡು ಬಂದ ಆ ಹೂಂ ಅನ್ನೋಣವೆಂದರೆ ಬಾಯಿತುಂಬ ಕಡುಬು. ಮೇಜಿನ ಮೇಲೆ ಎರಡು ಬೆರಳಿನಿಂದ ಟಕ್ ಟಕ್ ಎಂದು ಕುಟ್ಟಿದೆ. ವೀಣಾ ನಕ್ಕಳು, ಕಣ್ಣೊರೆಸಿಕೊಂಡಳು.

ಮದುವೆ ಆಯಿತು. ಅಳಿಯ ಚೀನಾದಿಂದ ಅತ್ತೆಗೆ ಬಿದಿರಿನ ಬುಟ್ಟಿಗಳನ್ನು ತಂದುಕೊಟ್ಟ. ಗೌರಮ್ಮ ಈಗ ಅದರಲ್ಲೇ ಕಡುಬು ಬೇಯಿಸುತ್ತಾಳೆ. ಆ ಹೋಟೆಲಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಬದಲಾದವಳು ಅವಳು. ಈಗಷ್ಟೇ ಬಡಿಸಲು ಬಂದಾಗ ವಾಡಿಕೆಯಂತೆ “ಸಾಕು” ಎಂದೆ. “ಓಕೆ” ಎಂದು ಒಳಗೆ ಹೋಗಿಯೇಬಿಟ್ಟಳು.

ಹಾಗಾಗಿ ಈಗ ನನ್ನ ಬಳಿ ಇರುವುದು ಇಷ್ಟು: ಒಂದು ರೈಸ್ ಮಿಲ್, ಎರಡು ಲಾರಿ, ಒಬ್ಬ ಅಳಿಯ, ಆರು ಬಿದಿರಿನ ಬುಟ್ಟಿ, ತಟ್ಟೆಯಲ್ಲಿ ಎರಡು ಕಡುಬು.